ಸಣ್ಣ ಫೋರ್ ವೀಲ್ ಡ್ರೈವ್ ವಾಹನಕ್ಕೆ ಸರ್ವಿಸ್ ಯಾವಾಗ? ಮೀಟರಿನೊಡನೆ ಕೆಸರಿಗೂ ಇರಲಿ ಲೆಕ್ಕ

ಹೊಳೆಹೊನ್ನೂರು: ಭದ್ರಾ ನದಿಯ ದಡದಲ್ಲಿರುವ ಈ ಊರು ಮತ್ತು ಸುತ್ತಲಿನ ಗ್ರಾಮಗಳು ಭದ್ರಾ ಅಚ್ಚುಕಟ್ಟಿಗೆ ಸೇರಿದ ಭತ್ತ ಹಾಗೂ ಅಡಿಕೆಯ ಸೀಮೆ. ತುಂಗಾ ಮತ್ತು ಭದ್ರಾ ನದಿಗಳು ಸಂಗಮಿಸುವ ಕೂಡ್ಲಿ ಇಲ್ಲಿಗೆ ಸಮೀಪದಲ್ಲಿದೆ. ಗದ್ದೆಯ ಬದು, ನಾಲೆಯ ಏರಿ, ತೋಟದ ಕಚ್ಚಾ ರಸ್ತೆಗಳಲ್ಲಿ ಸಾಮಾನ್ಯ ಕಾರುಗಳು ಮಳೆಗಾಲದಲ್ಲಿ ಸೋಲುವುದರಿಂದ ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ದೊರೆಯುವ ಸಣ್ಣ ವಾಹನಗಳಿಗೆ ಇಂತಹ ಊರುಗಳಲ್ಲಿ ಬೇಡಿಕೆ ಇದ್ದೇ ಇದೆ. ಆದರೆ ಅವುಗಳನ್ನು ಎಷ್ಟು ದಿನಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು ಎಂಬ ವಿಷಯದಲ್ಲಿ ಹಲವು ಮಾಲೀಕರು ಕಿಲೋಮೀಟರ್ ಮೀಟರನ್ನು ಮಾತ್ರ ನೆಚ್ಚಿಕೊಳ್ಳುತ್ತಾರೆ. ಕಡಿಮೆ ಓಡುವ, ಹೆಚ್ಚು ಕೆಸರು ತುಳಿಯುವ ವಾಹನಕ್ಕೆ ಈ ಅಳತೆ ಸಾಲದು.

ಚುಟುಕಾಗಿ ಹೇಳುವುದಾದರೆ, ಕಂಪನಿ ನಿಗದಿಪಡಿಸಿದ ಕಿಲೋಮೀಟರ್ ಅಥವಾ ಅವಧಿ, ಇವೆರಡರಲ್ಲಿ ಮೊದಲು ಬಂದದ್ದು ಸರ್ವಿಸ್‌ನ ಕನಿಷ್ಠ ಲೆಕ್ಕ. ಕೆಸರು, ನೀರು ಮತ್ತು ಧೂಳಿನಲ್ಲಿ ದುಡಿಯುವ ವಾಹನಕ್ಕೆ ವರ್ಷಕ್ಕೆ ಎರಡು ಬಾರಿ, ಅಂದರೆ ಮಳೆಗೆ ಮುನ್ನ ಒಮ್ಮೆ ಹಾಗೂ ಮಳೆ ಮುಗಿದ ಮೇಲೆ ಇನ್ನೊಮ್ಮೆ, ತಪಾಸಣೆ ಅಗತ್ಯ. ಚಕ್ರದ ಗುಂಬದ ಮಟ್ಟಕ್ಕೆ ನೀರಿನಲ್ಲಿ ಇಳಿದ ವಾಹನವನ್ನು ಮುಂದಿನ ಸರ್ವಿಸ್‌ವರೆಗೆ ಕಾಯಿಸದೆ ಅದೇ ವಾರ ನೋಡಿಸಬೇಕು.

ಯಾವ ವಾಹನಗಳು?

ಈ ವರ್ಗದಲ್ಲಿ ನಮ್ಮ ರಾಜ್ಯದ ರಸ್ತೆಗಳಲ್ಲಿ ಹೆಚ್ಚಾಗಿ ಕಾಣಸಿಗುವವು ಮಹೀಂದ್ರಾದ ಜೀಪುಗಳು, ಮಾರುತಿ ಜಿಪ್ಸಿ, ಮಹೀಂದ್ರಾ ಥಾರ್ ಹಾಗೂ ಮಾರುತಿ ಸುಜುಕಿ ಜಿಮ್ನಿ. ಜಿಪ್ಸಿ 1985ರಲ್ಲಿ ಮಾರುಕಟ್ಟೆಗೆ ಬಂದಿತು. ಮೊದಲು 970 ಸಿಸಿ, ನಂತರ 1,298 ಸಿಸಿ ಪೆಟ್ರೋಲ್ ಎಂಜಿನ್ ಹೊಂದಿದ್ದ ಈ ವಾಹನದ ತಯಾರಿಕೆ ಈಗ ನಿಂತಿದೆ. ಥಾರ್ ಮೊದಲು ಬಂದದ್ದು 2010ರಲ್ಲಿ. ಸಂಪೂರ್ಣ ಹೊಸ ರೂಪ ತಾಳಿದ್ದು 2020ರಲ್ಲಿ. ಐದು ಬಾಗಿಲಿನ ಜಿಮ್ನಿ 2023ರ ಜೂನ್‌ನಲ್ಲಿ ಬಿಡುಗಡೆಯಾಯಿತು. ಥಾರ್‌ನಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ನೀಡುವ ಮಾದರಿಯೂ ಇದೆ. ಮುಂದಿನ ಆಕ್ಸಲ್ ಹಾಗೂ ಟ್ರಾನ್ಸ್‌ಫರ್ ಕೇಸ್ ಕುರಿತ ಮಾತುಗಳು ಅದಕ್ಕೆ ಅನ್ವಯಿಸುವುದಿಲ್ಲ.

ಈ ವಾಹನಗಳಲ್ಲಿ ಸಾಮಾನ್ಯವಾಗಿರುವುದು ಬೇಕಾದಾಗ ಮಾತ್ರ ತೊಡಗಿಸಿಕೊಳ್ಳುವ ಫೋರ್ ವೀಲ್ ಡ್ರೈವ್. ಡಾಂಬರು ರಸ್ತೆಯಲ್ಲಿ ಹಿಂದಿನ ಚಕ್ರಗಳು ಮಾತ್ರ ವಾಹನವನ್ನು ತಳ್ಳುತ್ತವೆ. ಪ್ರತ್ಯೇಕ ಲಿವರ್ ಎಳೆದಾಗ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆ ಎಂಜಿನ್ನಿನ ಶಕ್ತಿಯನ್ನು ಮುಂದಿನ ಆಕ್ಸಲ್‌ಗೂ ಕಳುಹಿಸುತ್ತದೆ. ಹಿಂಬದಿ ಚಕ್ರಗಳಿಂದ ಓಡುವ ಸಾಮಾನ್ಯ ವಾಹನದಲ್ಲಿ ಗೇರ್ ಎಣ್ಣೆ ಇರುವುದು ಎರಡು ಕಡೆ, ಗೇರ್ ಬಾಕ್ಸ್ ಮತ್ತು ಹಿಂದಿನ ಡಿಫರೆನ್ಷಿಯಲ್‌ನಲ್ಲಿ. ಇಲ್ಲಿ ಟ್ರಾನ್ಸ್‌ಫರ್ ಕೇಸ್ ಹಾಗೂ ಮುಂದಿನ ಡಿಫರೆನ್ಷಿಯಲ್ ಸೇರಿ ನಾಲ್ಕು ಕಡೆ. ಸರ್ವಿಸ್ ಸಮಯದಲ್ಲಿ ಮರೆತುಹೋಗುವುದು ಬಹುತೇಕ ಈ ಎರಡು ಹೆಚ್ಚುವರಿ ಜಾಗಗಳೇ.

ಕಂಪನಿಯ ಲೆಕ್ಕ

ಮಾರುತಿ ಸುಜುಕಿಯ ಪೆಟ್ರೋಲ್ ವಾಹನಗಳಿಗೆ ಮೊದಲ ತಪಾಸಣೆ 1,000 ಕಿ.ಮೀ. ಅಥವಾ 1 ತಿಂಗಳಿಗೆ, ಎರಡನೆಯದು 5,000 ಕಿ.ಮೀ. ಅಥವಾ 6 ತಿಂಗಳಿಗೆ, ಮೂರನೆಯದು 10,000 ಕಿ.ಮೀ. ಅಥವಾ 1 ವರ್ಷಕ್ಕೆ. ಬಳಿಕ ಪ್ರತಿ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ. ಇತರ ವಾಹನಗಳ ಅವಧಿಯನ್ನು ಅವುಗಳ ಕೈಪಿಡಿಯಲ್ಲಿಯೇ ನೋಡಿಕೊಳ್ಳಬೇಕು. ವಾರಂಟಿ ಅವಧಿಯಲ್ಲಿರುವ ವಾಹನವು ಈ ವೇಳಾಪಟ್ಟಿಯನ್ನು ತಪ್ಪಿಸಿದರೆ ಮುಂದೆ ವಾರಂಟಿ ಕೇಳುವಾಗ ತೊಡಕಾಗಬಹುದು. ಹಳೆಯ ಜೀಪು ಹಾಗೂ ಜಿಪ್ಸಿಗಳ ಎಂಜಿನ್ ಆಯಿಲನ್ನು 5,000 ಕಿ.ಮೀ. ಅಥವಾ 6 ತಿಂಗಳಿಗೊಮ್ಮೆ ಬದಲಿಸುವುದು ಕ್ಷೇಮ.

ಈ ಪಟ್ಟಿಯಲ್ಲಿ 'ಅಥವಾ' ಎಂಬ ಪದಕ್ಕೆ ಮಹತ್ವವಿದೆ. ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆಂದು ದಿನಕ್ಕೆ 10 ಕಿ.ಮೀ. ಓಡುವ ವಾಹನ ವರ್ಷಕ್ಕೆ ಕ್ರಮಿಸುವುದು 3,650 ಕಿ.ಮೀ. ಮಾತ್ರ. ಮೀಟರನ್ನೇ ನಂಬಿದರೆ 10,000 ಕಿ.ಮೀ. ತುಂಬಲು ಎರಡು ಮುಕ್ಕಾಲು ವರ್ಷ ಬೇಕು. ಅಷ್ಟರಲ್ಲಿ ಎರಡು ಅಥವಾ ಮೂರು ಮಳೆಗಾಲಗಳು ಕಳೆದಿರುತ್ತವೆ. ಹತ್ತಿರದ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗೆ ಹನಿಗಟ್ಟಿದ ತೇವಾಂಶ ಹಾಗೂ ಪೂರ್ಣ ಉರಿಯದ ಇಂಧನ ಆವಿಯಾಗದೆ ಎಣ್ಣೆಯಲ್ಲಿಯೇ ಉಳಿದು ಅದರ ಗುಣವನ್ನು ಕೆಡಿಸುತ್ತವೆ. ಕಡಿಮೆ ಓಡಿದ ವಾಹನದ ಎಣ್ಣೆ ಹೊಸದಾಗಿಯೇ ಇರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಧೂಳು, ಕೆಸರು, ಸಣ್ಣ ದೂರದ ಓಡಾಟ, ಟ್ರೇಲರ್ ಎಳೆಯುವಿಕೆ ಮುಂತಾದವುಗಳನ್ನು ತಯಾರಕರು 'ಕಠಿಣ ಬಳಕೆ' ಎಂದು ಪರಿಗಣಿಸಿ ಅದಕ್ಕೆ ಪ್ರತ್ಯೇಕ ಪಟ್ಟಿಯನ್ನು ಕೈಪಿಡಿಯಲ್ಲಿ ನೀಡುವುದುಂಟು. ಹೊಳೆಹೊನ್ನೂರಿನ ತೋಟದ ವಾಹನಕ್ಕೆ ಅನ್ವಯಿಸುವುದು ಈ ಎರಡನೆಯ ಪಟ್ಟಿಯೇ. ಅಂತಹ ಪಟ್ಟಿ ಇಲ್ಲದಿದ್ದಲ್ಲಿ ಸಾಮಾನ್ಯ ಅವಧಿಯ ಅರ್ಧವನ್ನು ಲೆಕ್ಕಕ್ಕೆ ಹಿಡಿಯುವುದು ಒಳಿತು.

ಮೃಗಶಿರಕ್ಕೆ ಮುನ್ನ, ಆಯುಧಪೂಜೆಯ ವೇಳೆಗೆ

ಈ ಭಾಗದ ಕೃಷಿಕರು ಮಳೆಯನ್ನು ನಕ್ಷತ್ರಗಳ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತಾರೆ. ವಾಹನದ ಸರ್ವಿಸನ್ನೂ ಅದಕ್ಕೆ ಹೊಂದಿಸಿಕೊಳ್ಳಬಹುದಾಗಿದೆ. ಜೂನ್ ಮೊದಲ ವಾರ ಕಳೆಯುತ್ತಲೇ ಮೃಗಶಿರ ಮಳೆ ಹುಟ್ಟುತ್ತದೆ. ಮೇ ತಿಂಗಳಲ್ಲಿ ಮಾಡಿಸುವ ಮೊದಲ ಸರ್ವಿಸ್ ಬ್ರೇಕ್, ಟಯರ್, ವೈಪರ್, ದೀಪ, ಬ್ಯಾಟರಿ, ಬಾಗಿಲಿನ ರಬ್ಬರ್, ಆಕ್ಸಲ್ ಸೀಲುಗಳ ಸ್ಥಿತಿಗೆ ಗಮನ ನೀಡಬೇಕು. ನೀರು ಒಳಹೋಗುವ ದಾರಿಗಳನ್ನು ಮುಚ್ಚುವುದು ಇದರ ಉದ್ದೇಶ.

ಎರಡನೆಯ ಸರ್ವಿಸ್‌ಗೆ ಆಯುಧಪೂಜೆ ತಕ್ಕ ಕಾಲ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬರುವ ಈ ಹಬ್ಬದ ಹೊತ್ತಿಗೆ ಮುಂಗಾರಿನ ಅಬ್ಬರ ಇಳಿದಿರುತ್ತದೆ. ಪೂಜೆಗೆ ವಾಹನವನ್ನು ತೊಳೆದು ಹೂ ಮುಡಿಸುವ ಮುನ್ನ ಅದರ ಅಡಿಭಾಗವನ್ನೂ ಒಮ್ಮೆ ಮೆಕ್ಯಾನಿಕ್‌ಗೆ ತೋರಿಸುವುದು ಉಚಿತ. ಮಳೆಗಾಲದಲ್ಲಿ ಒಳಸೇರಿದ ನೀರು, ಕೆಸರನ್ನು ಹೊರಹಾಕುವುದು ಈ ಸರ್ವಿಸ್‌ನ ಕೆಲಸ. ಭದ್ರಾ ಜಲಾಶಯದಲ್ಲಿ ನೀರಿನ ಸಂಗ್ರಹವಿದ್ದ ವರ್ಷಗಳಲ್ಲಿ ಬೇಸಿಗೆ ಬೆಳೆಗೂ ನಾಲೆಗಳಿಗೆ ನೀರು ಹರಿಯುತ್ತದೆ. ಆಗ ಫೆಬ್ರುವರಿ, ಮಾರ್ಚ್‌ನಲ್ಲಿಯೂ ಗದ್ದೆಯ ದಾರಿಗಳು ಕೆಸರಾಗುತ್ತವೆ. ಅಂತಹ ವರ್ಷಗಳಲ್ಲಿ ನಡುವೆ ಇನ್ನೊಂದು ಬಾರಿ ಗ್ರೀಸಿಂಗ್ ಮಾಡಿಸಬೇಕಾಗುತ್ತದೆ.

ನಾಲ್ಕು ಕಡೆಯ ಎಣ್ಣೆ

ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಹಾಗೂ ಹಿಂದಿನ ಡಿಫರೆನ್ಷಿಯಲ್, ಈ ನಾಲ್ಕರ ಎಣ್ಣೆಯ ಬದಲಾವಣೆಯ ಅವಧಿ ವಾಹನದಿಂದ ವಾಹನಕ್ಕೆ ಭಿನ್ನ. ಕೆಸರು ತುಳಿಯುವ ವಾಹನಕ್ಕೆ 20,000 ಕಿ.ಮೀ. ಅಥವಾ 2 ವರ್ಷವನ್ನು ಮಿತಿಯಾಗಿ ಇಟ್ಟುಕೊಳ್ಳಬಹುದು. ಕೈಪಿಡಿ ಇದಕ್ಕಿಂತ ಬೇಗ ಎಂದಿದ್ದರೆ ಅದನ್ನೇ ಪಾಲಿಸಬೇಕು. ಬದಲಿಸಿದರೂ ಬದಲಿಸದಿದ್ದರೂ ಪ್ರತಿ ಸರ್ವಿಸ್‌ನಲ್ಲಿ ನಾಲ್ಕೂ ಕಡೆ ಮಟ್ಟ ಮತ್ತು ಬಣ್ಣವನ್ನು ನೋಡುವುದು ಕಡ್ಡಾಯ. ಒಳ್ಳೆಯ ಗೇರ್ ಎಣ್ಣೆ ಜೇನಿನಂತೆ ತಿಳಿಯಾಗಿರುತ್ತದೆ ಅಥವಾ ಬಳಕೆಯಿಂದ ಕಪ್ಪಾಗಿರುತ್ತದೆ. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ ಎಂದೇ ಅರ್ಥ. ನೀರು ಬೆರೆತ ಎಣ್ಣೆ ಗೇರಿನ ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ; ಬೇರಿಂಗ್‌ಗಳು ತುಕ್ಕು ಹಿಡಿದು ಸವೆಯಲಾರಂಭಿಸುತ್ತವೆ.

ಜಿಪ್ಸಿಯಂತಹ ಸಣ್ಣ ವಾಹನದ ನಾಲ್ಕೂ ಕಡೆಗೆ ಒಟ್ಟು ಬೇಕಾಗುವುದು ಸುಮಾರು ಐದಾರು ಲೀಟರ್ ಎಣ್ಣೆ. ಅದನ್ನು ಉಳಿಸಲು ಹೋಗಿ ಡಿಫರೆನ್ಷಿಯಲ್‌ನ ಕ್ರೌನ್ ಮತ್ತು ಪಿನಿಯನ್ ಕೆಡಿಸಿಕೊಂಡರೆ ಆಕ್ಸಲ್ ಬಿಚ್ಚದೆ ಗತ್ಯಂತರವಿಲ್ಲ. ತಯಾರಿಕೆ ನಿಂತ ವಾಹನದ ಬಿಡಿಭಾಗಗಳಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾದೀತು. ಎಣ್ಣೆಯ ದರ್ಜೆಯೂ ಮುಖ್ಯ. ಜಿಎಲ್-4 ಮತ್ತು ಜಿಎಲ್-5 ದರ್ಜೆಗಳು ಒಂದೇ ಅಲ್ಲ. ಡಿಫರೆನ್ಷಿಯಲ್‌ಗೆಂದು ತಯಾರಾದ ಕೆಲವು ಎಣ್ಣೆಗಳಲ್ಲಿನ ಗಂಧಕದ ಅಂಶ ಗೇರ್ ಬಾಕ್ಸ್ ಒಳಗಿನ ಹಿತ್ತಾಳೆಯ ರಿಂಗ್‌ಗಳಿಗೆ ಹಾನಿಕರ. ಆದ್ದರಿಂದ ನಾಲ್ಕಕ್ಕೂ ಒಂದೇ ಡಬ್ಬಿಯ ಎಣ್ಣೆ ಸುರಿಯುವ ಮುನ್ನ ಕೈಪಿಡಿಯನ್ನು ನೋಡುವುದು ಅವಶ್ಯ.

ಜಿಪ್ಸಿಯ 1,298 ಸಿಸಿ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಜಿಮ್ನಿಯ ಎಂಜಿನ್ನಿನಲ್ಲಿರುವುದು ಚೈನ್. ರಬ್ಬರಿನ ಬೆಲ್ಟ್ ಹೊರಗಿನಿಂದ ಸೂಚನೆ ಕೊಡದೆಯೇ ತುಂಡಾಗಬಲ್ಲದು. ಹಳೆಯ ಜಿಪ್ಸಿಯಲ್ಲಿ ಬೆಲ್ಟ್ ಬದಲಿಸಿದ ದಾಖಲೆ ಇಲ್ಲವಾದರೆ ಮೀಟರ್ ಎಷ್ಟೇ ತೋರಿಸಲಿ, ಹೊಸದನ್ನು ಹಾಕಿಸುವುದೇ ಸರಿ.

ನೀರಿಗಿಳಿದ ವಾಹನ

ಓಡುತ್ತಿರುವ ವಾಹನದ ಆಕ್ಸಲ್ ಬಿಸಿಯಾಗಿರುತ್ತದೆ. ಅದು ಹಳ್ಳದ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಒಳಗಿನ ಒತ್ತಡವನ್ನು ಸರಿದೂಗಿಸಲೆಂದೇ ಆಕ್ಸಲ್ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗೊಳವೆ ಇದೆ. ಅದು ಒಣಗಿದ ಕೆಸರಿನಿಂದ ಮುಚ್ಚಿದ್ದರೆ ನೀರು ಸೀಲ್‌ಗಳ ಅಂಚಿನಿಂದ ಒಳನುಸುಳುತ್ತದೆ. ಬ್ರೀದರ್‌ಗಳನ್ನು ಶುಚಿಗೊಳಿಸುವುದು ಕೆಲವೇ ನಿಮಿಷಗಳ ಕೆಲಸ. ಹೇಳಿ ಮಾಡಿಸದಿದ್ದರೆ ಆಗುವುದು ಅಪರೂಪ.

ಜಿಪ್ಸಿ ಹಾಗೂ ಜಿಮ್ನಿಗಳ ಮುಂದಿನ ಆಕ್ಸಲ್ ಇಡಿಯಾದದ್ದು. ಚಕ್ರ ತಿರುಗುವ ಜಾಗದಲ್ಲಿರುವ ಗೋಳಾಕಾರದ ಭಾಗಕ್ಕೆ ಸೀಲ್ ಇರುತ್ತದೆ. ಅದು ಹರಿದರೆ ಕೆಸರು ಒಳಹೊಕ್ಕು ಬೇರಿಂಗ್ ಹಾಳಾಗುತ್ತದೆ, ಸ್ಟಿಯರಿಂಗ್ ನಡುಗಲಾರಂಭಿಸುತ್ತದೆ. ಥಾರ್‌ನ ಮುಂದಿನ ಶಾಫ್ಟ್‌ಗಳಿಗೆ ರಬ್ಬರ್ ಬೂಟುಗಳಿವೆ. ಅವುಗಳಲ್ಲಿ ಸೀಳು ಕಂಡರೆ ತಕ್ಷಣ ಬದಲಿಸಬೇಕು. ಆಳದ ನೀರು ದಾಟಿದ ವಾರದಲ್ಲಿಯೇ ನಾಲ್ಕೂ ಕಡೆಯ ಎಣ್ಣೆಯ ಬಣ್ಣ ಪರೀಕ್ಷಿಸಿ, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳಲ್ಲಿ ನಿಪ್ಪಲ್ ಇದ್ದರೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸದನ್ನು ತುಂಬಿಸಬೇಕು.

ತಯಾರಕರು ಪ್ರಕಟಿಸುವ ನೀರಿನ ಆಳದ ಮಿತಿ, ಉದಾಹರಣೆಗೆ 2020ರ ಥಾರ್‌ಗೆ 650 ಮಿ.ಮೀ., ನಿಧಾನವಾಗಿ ದಾಟುವುದಕ್ಕೆ ಸಂಬಂಧಿಸಿದ್ದು. ಹರಿವ ನೀರಿನ ಸೆಳೆತಕ್ಕೆ ಅದು ಅಭಯಪತ್ರವಲ್ಲ. ನೀರಿನ ನಡುವೆ ಎಂಜಿನ್ ನಿಂತುಹೋದರೆ ಮತ್ತೆ ಚಾಲೂ ಮಾಡಬಾರದು. ಸಿಲಿಂಡರ್ ಒಳಗೆ ನೀರು ಹೊಕ್ಕಿದ್ದರೆ ಅದನ್ನು ಗಾಳಿಯಂತೆ ಅದುಮಲಾಗದು. ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ. ಇಂತಹ ಹಾನಿಗೆ ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಪರಿಹಾರ ದೊರೆಯದಿರಬಹುದು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ಅಂತಹ ಸಂದರ್ಭದಲ್ಲಿ ನೀರಿನಲ್ಲಿ ನಿಂತ ವಾಹನವನ್ನು ಎಳೆದೊಯ್ದು, ಎಲ್ಲ ಎಣ್ಣೆಗಳನ್ನೂ ಪರೀಕ್ಷಿಸಿದ ನಂತರವೇ ಕೀಲಿ ತಿರುಗಿಸಬೇಕು.

ಬ್ರೇಕ್: ಕಾಯಲಾಗದ ಭಾಗ

ಹೊಳೆಹೊನ್ನೂರಿನ ಸಮತಟ್ಟಾದ ರಸ್ತೆಯಲ್ಲಿ ಬ್ರೇಕ್‌ನ ದೌರ್ಬಲ್ಯ ಬೇಗ ಗೊತ್ತಾಗುವುದಿಲ್ಲ. ಅದು ಬಯಲಾಗುವುದು ಘಟ್ಟದಲ್ಲಿ. ಇದೇ ವಾಹನಗಳು ಮದುವೆಗೆ, ಧರ್ಮಸ್ಥಳಕ್ಕೆ, ಮಣಿಪಾಲದ ಆಸ್ಪತ್ರೆಗೆ ಮನೆಮಂದಿಯನ್ನು ಹೊತ್ತು ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುತ್ತವೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಅಧಿಕ ಮಳೆ ಬೀಳುವ ಆಗುಂಬೆಯ ಕಡಿದಾದ ತಿರುವುಗಳಲ್ಲಿ ಪದೇ ಪದೇ ಬ್ರೇಕ್ ಒತ್ತಬೇಕಾಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್-3 ದರ್ಜೆಯ ಹೊಸ ಆಯಿಲ್‌ಗೆ ನಿಗದಿಯಾದ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್; ತೇವ ಹೀರಿದ ಸ್ಥಿತಿಗೆ ನಿಗದಿಯಾದದ್ದು 140 ಡಿಗ್ರಿ ಮಾತ್ರ. ಡಾಟ್-4ರಲ್ಲಿ ಇವು ಕ್ರಮವಾಗಿ 230 ಹಾಗೂ 155 ಡಿಗ್ರಿ. ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆಗಳೇಳುತ್ತವೆ. ಆಗ ಪೆಡಲ್ ನೆಲ ಮುಟ್ಟಿದರೂ ವಾಹನ ನಿಲ್ಲದು. ಆದ್ದರಿಂದ ವಾಹನ ಓಡಿರಲಿ ಓಡದಿರಲಿ, 2 ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಾಗಬೇಕು.

ಜಿಪ್ಸಿ, ಥಾರ್, ಜಿಮ್ನಿ ಮೂರರಲ್ಲಿಯೂ ಹಿಂದಿನ ಚಕ್ರಗಳಿಗಿರುವುದು ಡ್ರಮ್ ಬ್ರೇಕ್. ಗದ್ದೆಯ ಕೆಸರು ಡ್ರಮ್ ಒಳಗೆ ಸೇರಿ ಒಣಗಿದರೆ ಲೈನರ್ ಬೇಗ ಸವೆಯುತ್ತದೆ, ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ. ಆಯುಧಪೂಜೆಯ ಸರ್ವಿಸ್‌ನಲ್ಲಿ ಡ್ರಮ್ ಬಿಚ್ಚಿ ಶುಚಿ ಮಾಡಿಸುವುದನ್ನು ತಪ್ಪಿಸಬಾರದು.

ಬೇಸಿಗೆಯ ಧೂಳು

ಮಳೆ ನಿಂತ ಮೇಲೆ ಅದೇ ಕಚ್ಚಾ ರಸ್ತೆ ಧೂಳಾಗುತ್ತದೆ. ಕೊಯ್ಲು ಹಾಗೂ ಒಕ್ಕಣೆಯ ಸಮಯದಲ್ಲಿ ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಒಳಗಿನಿಂದ ಹೊರಕ್ಕೆ ಮೆಲುವಾಗಿ ಗಾಳಿ ಹಿಡಿದರೆ ಸಾಕು. ಹೊರಗಿನಿಂದ ಹಿಡಿದರೆ ಧೂಳು ಕಾಗದದೊಳಕ್ಕೆ ಇನ್ನಷ್ಟು ಹುದುಗುತ್ತದೆ. ರೇಡಿಯೇಟರ್‌ನ ಜಾಲರಿಯಲ್ಲಿ ಒಣಹುಲ್ಲು, ಕೆಸರು ಕಟ್ಟಿಕೊಂಡಿದ್ದರೆ ಎಂಜಿನ್ ಕಾವೇರುತ್ತದೆ.

ಭಾರತ್ ಸ್ಟೇಜ್-6 ಮಾನದಂಡದ ಡೀಸೆಲ್ ಥಾರ್‌ಗೆ ಇನ್ನೊಂದು ಸಮಸ್ಯೆಯುಂಟು. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಶುಚಿಯಾಗಲು ಎಂಜಿನ್ ಸಾಕಷ್ಟು ಹೊತ್ತು ಬಿಸಿಯಾಗಿ ಓಡಬೇಕು. ತೋಟದ ಓಡಾಟದಲ್ಲಿ ಇದು ಆಗುವುದಿಲ್ಲ. ಆಗಾಗ ಶಿವಮೊಗ್ಗ ಅಥವಾ ಭದ್ರಾವತಿಯವರೆಗೆ ಒಂದೇ ವೇಗದಲ್ಲಿ ನಿಲ್ಲದೆ ಓಡಿಸಿಕೊಂಡು ಬಂದರೆ ಫಿಲ್ಟರ್ ಕಟ್ಟಿಕೊಳ್ಳುವ ಸಂಭವ ಕಡಿಮೆಯಾಗುತ್ತದೆ. ಎಚ್ಚರಿಕೆಯ ದೀಪ ಹೊತ್ತಿದ್ದರೆ ಕೈಪಿಡಿಯಲ್ಲಿ ಹೇಳಿದಂತೆ ನಡೆಯಬೇಕು.

'ವಾಟರ್ ಸರ್ವಿಸ್' ಸರ್ವಿಸ್ ಅಲ್ಲ

ಒತ್ತಡದ ನೀರಿನಿಂದ ವಾಹನ ತೊಳೆಯುವುದಕ್ಕೆ ನಮ್ಮಲ್ಲಿ 'ವಾಟರ್ ಸರ್ವಿಸ್' ಎಂದು ಹೆಸರು. ಈ ಹೆಸರೇ ಹಲವರಲ್ಲಿ ಸರ್ವಿಸ್ ಆಯಿತೆಂಬ ಭಾವನೆ ಮೂಡಿಸುತ್ತದೆ. ಕೆಸರನ್ನು ತೊಳೆಯುವುದು ಅಗತ್ಯವೇ. ಒಣಗಿದ ಮಣ್ಣು ತೇವವನ್ನು ಹಿಡಿದಿಟ್ಟು ಚಾಸಿಗೆ ತುಕ್ಕು ತರುತ್ತದೆ. ಆದರೆ ಒತ್ತಡದ ನೀರನ್ನು ನೇರವಾಗಿ ಸೀಲ್, ಬ್ರೀದರ್, ವಿದ್ಯುತ್ ಕನೆಕ್ಟರ್‌ಗಳ ಮೇಲೆ ಹಾಯಿಸಿದರೆ ಹಳ್ಳದಲ್ಲಿ ಒಳಹೋಗದ ನೀರು ಇಲ್ಲಿ ಒಳಹೋಗುತ್ತದೆ. ಅಡಿಭಾಗವನ್ನು ತೊಳೆಸಿದ ಬಳಿಕ ಗ್ರೀಸಿಂಗ್ ಮಾಡಿಸುವುದು ಹಳೆಯ ಜೀಪು ಚಾಲಕರ ಪರಿಪಾಠವಾಗಿತ್ತು. ಅದು ಇಂದಿಗೂ ಸರಿಯಾದದ್ದೇ.

ಬಳಸದಿದ್ದರೂ ಕೆಡುವ ಯಂತ್ರ

ಫೋರ್ ವೀಲ್ ಲಿವರನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಅದು ಬೇಕಾದ ದಿನ ತೊಡಗದಿರಬಹುದು. ತಿಂಗಳಿಗೊಮ್ಮೆ ಒದ್ದೆಯಾದ ಮಣ್ಣಿನ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಫೋರ್ ವೀಲ್‌ನಲ್ಲಿ ಓಡಿಸಿದರೆ ಮುಂದಿನ ಡಿಫರೆನ್ಷಿಯಲ್‌ನ ಎಲ್ಲ ಭಾಗಗಳಿಗೂ ಎಣ್ಣೆ ತಲುಪುತ್ತದೆ. ಒಣ ಡಾಂಬರು ರಸ್ತೆಯಲ್ಲಿ ಈ ಪ್ರಯೋಗ ಸಲ್ಲದು. ತಿರುವಿನಲ್ಲಿ ಮುಂದಿನ ಹಾಗೂ ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆ ಬೇರೆ. ಜಾರುವ ನೆಲದಲ್ಲಿ ಈ ವ್ಯತ್ಯಾಸ ಕರಗುತ್ತದೆ. ಡಾಂಬರಿನ ಮೇಲೆ ಅದೇ ವ್ಯತ್ಯಾಸ ಗೇರುಗಳನ್ನು ಹಿಂಡುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟಯರ್‌ಗಳು ಒಂದೇ ಅಳತೆಯವಾಗಿರಬೇಕು, ಹೆಚ್ಚುಕಡಿಮೆ ಸಮನಾಗಿ ಸವೆದಿರಬೇಕು. ಪ್ರತಿ ಸರ್ವಿಸ್‌ನಲ್ಲಿ ಟಯರ್‌ಗಳ ಸ್ಥಾನ ಬದಲಿಸುವುದರಿಂದ ಇದು ಸಾಧ್ಯ.

ಹಳೆಯ ಜೀಪು ಅಥವಾ ಜಿಪ್ಸಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ಹಿಂದಿನ ಮಾಲೀಕರ ಮಾತನ್ನಾಗಲಿ ಮೀಟರನ್ನಾಗಲಿ ಆಧರಿಸದೆ, ಎಂಜಿನ್, ನಾಲ್ಕು ಕಡೆಯ ಗೇರ್ ಎಣ್ಣೆ, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲವನ್ನೂ ಹೊಸದಾಗಿಸಿ ಆ ದಿನದಿಂದ ಲೆಕ್ಕ ಆರಂಭಿಸಬೇಕು. ಪೆಟ್ರೋಲ್‌ನಲ್ಲಿ ಈಗ ಎಥೆನಾಲ್ ಪ್ರಮಾಣ ಹೆಚ್ಚಿರುವುದರಿಂದ ಹಳೆಯ ವಾಹನಗಳ ಇಂಧನದ ರಬ್ಬರ್ ಪೈಪುಗಳನ್ನೂ ಪರೀಕ್ಷಿಸಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಮುನ್ನ ನಡೆಯುವ ತಪಾಸಣೆಯಲ್ಲಿಯೂ ವಾಹನದ ಸುಸ್ಥಿತಿಯೇ ಮಾನದಂಡ.

ಒಂದೇ ನೋಟದಲ್ಲಿ

ತಿಂಗಳಿಗೊಮ್ಮೆ: ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟ, ಟಯರ್ ಗಾಳಿ, ಧೂಳಿನ ಕಾಲದಲ್ಲಿ ಏರ್ ಫಿಲ್ಟರ್, ಮಣ್ಣಿನ ರಸ್ತೆಯಲ್ಲಿ ಫೋರ್ ವೀಲ್ ಓಟ.

6 ತಿಂಗಳು ಅಥವಾ 5,000 ಕಿ.ಮೀ.: ಕಠಿಣ ಬಳಕೆಯ ವಾಹನಕ್ಕೆ ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್, ಗ್ರೀಸಿಂಗ್, ಬ್ರೇಕ್ ಶುಚಿ, ನಾಲ್ಕು ಕಡೆಯ ಎಣ್ಣೆಯ ಪರೀಕ್ಷೆ, ಬ್ರೀದರ್ ಮತ್ತು ಸೀಲ್‌ಗಳ ತಪಾಸಣೆ.

1 ವರ್ಷ ಅಥವಾ 10,000 ಕಿ.ಮೀ.: ಕಂಪನಿಯ ಪೂರ್ಣ ಸರ್ವಿಸ್, ಟಯರ್ ಸ್ಥಾನ ಬದಲಾವಣೆ, ಚಾಸಿಯ ತುಕ್ಕಿನ ಪರಿಶೀಲನೆ.

2 ವರ್ಷ ಅಥವಾ 20,000 ಕಿ.ಮೀ.: ನಾಲ್ಕು ಕಡೆಯ ಗೇರ್ ಎಣ್ಣೆ ಬದಲಾವಣೆ. ಬ್ರೇಕ್ ಆಯಿಲ್‌ಗೆ ಕಿಲೋಮೀಟರ್ ಲೆಕ್ಕವಿಲ್ಲ, 2 ವರ್ಷವೇ ಮಿತಿ.

ನೀರಿಗಿಳಿದ ವಾರದಲ್ಲಿ: ನಾಲ್ಕು ಕಡೆಯ ಎಣ್ಣೆಯ ಬಣ್ಣ, ಗ್ರೀಸ್, ಬ್ರೇಕ್ ಡ್ರಮ್, ಏರ್ ಫಿಲ್ಟರ್.

ಇವೆಲ್ಲವನ್ನೂ ನೆನಪಿನಲ್ಲಿಟ್ಟುಕೊಳ್ಳುವುದು ಕಷ್ಟ. ವಾಹನದಲ್ಲಿಯೇ ಒಂದು ಸಣ್ಣ ಪುಸ್ತಕವಿಟ್ಟು ದಿನಾಂಕ, ಮೀಟರ್ ಅಂಕಿ, ಮಾಡಿಸಿದ ಕೆಲಸ ಮತ್ತು ನೀರಿಗಿಳಿದ ದಿನ, ಈ ನಾಲ್ಕನ್ನು ಬರೆದಿಟ್ಟರೆ ಮೆಕ್ಯಾನಿಕ್‌ಗೂ ಅನುಕೂಲ. ಮುಂದೊಂದು ದಿನ ವಾಹನ ಮಾರುವಾಗ ಕೊಳ್ಳುವವರು ಮೊದಲು ಕೇಳುವುದೂ ಅದನ್ನೇ.